ರಾಣಿ ಬೆಳೆಸುವುದಾ, ಪರಾಗ ಹಿಡಿಯುವುದಾ? ಹತ್ತು ಪೆಟ್ಟಿಗೆಯೊಳಗಿನ ಜೇನು ಸಾಕಣೆಗೆ ಒಂದು ಹೋಲಿಕೆ

ನಮ್ಮ ಮಂಡ್ಯ, ಮೈಸೂರು ಕಡೆ ನಾಲ್ಕೈದು ಪೆಟ್ಟಿಗೆ ಜೇನು ಇಟ್ಟು ಒಂದೆರಡು ಮಳೆಗಾಲ ದಾಟಿಸಿದವರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. ತುಪ್ಪ ಬರುತ್ತಾ ಇದೆ, ಇನ್ನು ಮುಂದೇನು? ಆಗ ಎರಡು ದಾರಿ ಕಣ್ಣಿಗೆ ಬೀಳುತ್ತವೆ. ಒಂದು, ರಾಣಿ ನೊಣ ಬೆಳೆಸಿ ಸಂಸಾರಗಳನ್ನು (ಒಂದು ರಾಣಿಯ ಸುತ್ತಲಿನ ನೊಣಗಳ ಗುಂಪು) ಹೆಚ್ಚಿಸಿ, ಮಿಕ್ಕಿದ್ದನ್ನು ಮಾರುವುದು. ಇನ್ನೊಂದು, ಪೆಟ್ಟಿಗೆ ಬಾಗಿಲಿಗೆ ಬಲೆ ಕಟ್ಟಿ ನೊಣ ತರುವ ಪರಾಗ ಹಿಡಿಯುವುದು.

ಇವೆರಡನ್ನೂ ಬೇರೆ ಬೇರೆ ಉಪಕಸುಬು ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಪೆಟ್ಟಿಗೆಯೊಳಗೆ ಎರಡಕ್ಕೂ ಬಂಡವಾಳ ಒಂದೇ. ಪರಾಗ ಸಾಲದೇ ಹೋದ ಪೆಟ್ಟಿಗೆಯಲ್ಲಿ ಒಳ್ಳೆಯ ರಾಣಿ ಹುಟ್ಟುವುದಿಲ್ಲ. ಹಾಗಾಗಿ ಆರಿಸಿಕೊಳ್ಳುವ ಮುಂಚೆ ಇವೆರಡರ ನಂಟು ತಿಳಿದಿರಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತುಡುವೆ, ಅಂದರೆ ನಮ್ಮ ನಾಡಿನ ಸಣ್ಣ ಜೇನುನೊಣ ಸಾಕುವವರು, ಅದರಲ್ಲೂ ಹತ್ತು ಪೆಟ್ಟಿಗೆಯೊಳಗಿನವರು, ರಾಣಿ ಕೆಲಸವನ್ನೇ ಹಿಡಿಯಿರಿ. ಪರಾಗವನ್ನು ಮಾರಾಟಕ್ಕೆ ಹಿಡಿಯಬೇಡಿ. ಹೊರದೇಶದಿಂದ ಬಂದ ದೊಡ್ಡ ನೊಣ ಮೆಲ್ಲಿಫೆರಾ ಇದ್ದರೆ ಎರಡನ್ನೂ ಮಾಡಬಹುದು. ಆದರೆ ಒಂದೇ ಪೆಟ್ಟಿಗೆಯಲ್ಲಿ ಬೇಡ, ಒಂದೇ ಹೊತ್ತಿನಲ್ಲೂ ಬೇಡ.

ಪರಾಗ ಎಲ್ಲಿ ಖರ್ಚಾಗುತ್ತದೆ

ಮಕರಂದ ನೊಣಕ್ಕೆ ಹಾರುವ ಶಕ್ತಿ ಕೊಡುತ್ತದೆ. ಮೈ ಕಟ್ಟುವುದು ಪರಾಗ. ಎಳೆಯ ಕೆಲಸಗಾರ ನೊಣಗಳು ಪರಾಗ ತಿಂದು, ತಲೆಯೊಳಗಿನ ಗ್ರಂಥಿಯಿಂದ ರಾಜಶಾಹಿ ರಸ (ರಾಯಲ್ ಜೆಲ್ಲಿ) ಸುರಿಸುತ್ತವೆ. ಕೆಲಸಗಾರ ಮರಿಹುಳುವಿಗೆ ಮೊದಲ ಎರಡು ಮೂರು ದಿನ ಮಾತ್ರ ಇಂಥ ರಸ. ಆಮೇಲೆ ಪರಾಗ, ಜೇನು ಬೆರೆಸಿದ ಆಹಾರ. ರಾಣಿಯಾಗುವ ಮರಿಗೆ ಮಾತ್ರ ಕೊನೆವರೆಗೂ ರಾಜಶಾಹಿ ರಸವೇ, ಅದೂ ಕೋಶದಲ್ಲಿ ತೇಲುವಷ್ಟು. ಮೊಟ್ಟೆಯಲ್ಲಿ ರಾಣಿಗೂ ಕೆಲಸಗಾರ ನೊಣಕ್ಕೂ ಏನೂ ವ್ಯತ್ಯಾಸವಿಲ್ಲ. ಎಲ್ಲಾ ವ್ಯತ್ಯಾಸ ಬರುವುದು ತಿನ್ನಿಸುವುದರಿಂದ.

ಲೆಕ್ಕ ನೋಡಿ. ಒಂದು ಮೆಲ್ಲಿಫೆರಾ ಕೆಲಸಗಾರ ನೊಣ ಬೆಳೆಯಲು ಸುಮಾರು 100ರಿಂದ 125 ಮಿಲಿಗ್ರಾಂ ಪರಾಗ ಬೇಕು. ನೊಣ ಒಂದು ಸಲಕ್ಕೆ ಎರಡೂ ಕಾಲಿನಲ್ಲಿ ತರುವುದು 15 ಮಿಲಿಗ್ರಾಂ ಆಸುಪಾಸು. ಅಂದರೆ ಒಂದು ನೊಣ ಹುಟ್ಟಲು ಏಳೆಂಟು ಹೊರೆ ಬೇಕು. ಗಟ್ಟಿ ಮೆಲ್ಲಿಫೆರಾ ಸಂಸಾರ ವರ್ಷಕ್ಕೆ 20 ಕಿಲೋ ಪರಾಗವನ್ನು ಸುಲಭವಾಗಿ ಮುಗಿಸುತ್ತದೆ. ತುಡುವೆ ಸಂಸಾರ ಸಣ್ಣದು. ಖರ್ಚೂ ಕಮ್ಮಿ, ಆದರೆ ದಾಸ್ತಾನೂ ಕಮ್ಮಿ.

ತುಪ್ಪದ ಹಾಗೆ ಪರಾಗವನ್ನು ರಾಶಿ ರಾಶಿ ಕೂಡಿಡುವ ಅಭ್ಯಾಸ ನೊಣಕ್ಕಿಲ್ಲ. ನಾಲ್ಕಾರು ದಿನ ಮಳೆ ಹಿಡಿದರೆ ಸಾಕು, ಎರಿಯಲ್ಲಿ, ಅಂದರೆ ಮೇಣದ ಗೂಡಿನಲ್ಲಿ, ಇದ್ದದ್ದು ಖಾಲಿಯಾಗುತ್ತದೆ. ರಾಣಿ ಮೊಟ್ಟೆ ಇಡುವುದು ಇಳಿಯುತ್ತದೆ. ಇನ್ನೂ ಬಿಗಿಯಾದರೆ ಎಳೆಯ ಮರಿಗಳನ್ನು ನೊಣಗಳೇ ತಿಂದುಬಿಡುತ್ತವೆ. ಅಂಥ ಹೊತ್ತಲ್ಲಿ ರಾಣಿ ಕೋಶ ಕಟ್ಟಿದರೂ ಒಳಗೆ ರಸ ತೆಳುವಾಗಿರುತ್ತದೆ. ಹುಟ್ಟುವ ರಾಣಿ ಗಾತ್ರದಲ್ಲಿ ಸಣ್ಣದು, ಮೊಟ್ಟೆ ಇಡುವ ತಾಕತ್ತೂ ಕಮ್ಮಿ. ಬಾಗಿಲಲ್ಲಿ ಬಲೆ ಇಟ್ಟು ನಾವೇ ಆ ಕೊರತೆ ತಂದರೂ ಆಗುವುದು ಅದೇ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪರಾಗದ ಬಲೆಯ ತೂತು ಕೆಲಸಗಾರ ನೊಣ ಕಷ್ಟಪಟ್ಟು ನುಸುಳುವ ಅಳತೆಯದು. ದಪ್ಪ ಗಂಡು ನೊಣ ಅದರಲ್ಲಿ ಹೊರಬರಲಾರದು. ರಾಣಿಯೂ ಅಷ್ಟೇ. ಹೊಸ ರಾಣಿ ಕೂಡುವ ಹಾರಾಟಕ್ಕೆ ಹೊರಡಬೇಕಾದ ಪೆಟ್ಟಿಗೆಗೆ ಬಲೆ ಕಟ್ಟಿದರೆ ಅದು ಒಳಗೇ ಉಳಿಯುತ್ತದೆ. ಗಂಡು ನೊಣ ಕೊಡಲಿ ಎಂದು ಬಿಟ್ಟ ಪೆಟ್ಟಿಗೆಗೆ ಕಟ್ಟಿದರೆ ಗಂಡುಗಳು ಜಾಲರಿಗೆ ಸಿಕ್ಕಿ ಸಾಯುತ್ತವೆ, ಬಾಗಿಲೂ ಕಟ್ಟಿಕೊಳ್ಳುತ್ತದೆ. ಎರಡು ಕೆಲಸಕ್ಕೂ ಒಂದೇ ಪೆಟ್ಟಿಗೆ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೊದಲು ನಿಮ್ಮ ಹತ್ತಿರ ಇರುವ ನೊಣ ನೋಡಿಕೊಳ್ಳಿ

ನ್ಯೂಟನ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ಸಾಕುವುದು ನಮ್ಮ ತುಡುವೆ. ಲ್ಯಾಂಗ್‌ಸ್ಟ್ರಾತ್ ಎಂಬ ಹತ್ತು ಚೌಕಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿರುವುದು ಮೆಲ್ಲಿಫೆರಾ. ಹೆಜ್ಜೇನು, ಕೋಲುಜೇನು ಪೆಟ್ಟಿಗೆಗೆ ಬರುವವಲ್ಲ, ಅವುಗಳ ಮಾತು ಇಲ್ಲಿ ಬೇಡ.

ಮೆಲ್ಲಿಫೆರಾ ಜನಬಲ ದೊಡ್ಡದು. ಸ್ವಲ್ಪ ಕಾಟ ಕೊಟ್ಟರೂ ತಡೆದುಕೊಳ್ಳುತ್ತದೆ. ರಾಣಿ ತೆಗೆದ ಸಂಸಾರಕ್ಕೆ ಇಪ್ಪತ್ತು ಮೂವತ್ತು ಕೋಶ ಕೊಟ್ಟರೂ ಬೆಳೆಸುತ್ತದೆ. ಪರಾಗದ ಬಲೆಗಳೂ ಅದರ ಅಳತೆಗೇ ಸಿಗುತ್ತವೆ, ತೂತು 5 ಮಿಲಿಮೀಟರಿನ ಆಸುಪಾಸು.

ತುಡುವೆಯ ಸ್ವಭಾವವೇ ಬೇರೆ. ಮನಸ್ಸಿಗೆ ಬರದಿದ್ದರೆ ಪೆಟ್ಟಿಗೆ ಬಿಟ್ಟು ಪರಾರಿ. ಆಹಾರ ಕಮ್ಮಿಯಾದರೆ, ಇರುವೆ ಕಾಟ ಕೊಟ್ಟರೆ, ಮೇಣದ ಹುಳು ಸೇರಿದರೆ, ಸುಮ್ನೆ ಮೇಲಿಂದ ಮೇಲೆ ಮುಚ್ಚಳ ತೆಗೆದರೂ ಹೊರಡುತ್ತದೆ. ಮೈ ಸಣ್ಣದಾದ್ದರಿಂದ ಮೆಲ್ಲಿಫೆರಾದ ಬಲೆಯಲ್ಲಿ ಪರಾಗದ ಸಮೇತ ಒಳಗೆ ಹೋಗಿಬಿಡುತ್ತದೆ. ತೂತು ಚಿಕ್ಕದು ಮಾಡಿಸಿ ಹಾಕಿದರೆ ಪರಾಗವೇನೋ ಬೀಳುತ್ತದೆ, ಆದರೆ ಪರಾರಿಯಾಗಲು ಅದಕ್ಕೆ ಒಂದು ಕಾರಣ ಕೊಟ್ಟ ಹಾಗೆ ಆಗುತ್ತದೆ.

ಹಾಗಂತ ತುಡುವೆ ಬಿಟ್ಟು ಮೆಲ್ಲಿಫೆರಾಕ್ಕೆ ಹೋಗಿ ಎಂದು ಹೇಳಲಾರೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಮರಿಹುಳು ಕೋಶದೊಳಗೇ ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿ ಸಾಯುವ ರೋಗ. ತುಡುವೆಯ ಬಹುಪಾಲು ಸಂಸಾರಗಳನ್ನು ಅದು ಅಳಿಸಿಹಾಕಿತು. ಅದಕ್ಕೆ ಇವತ್ತಿಗೂ ಔಷಧಿ ಇಲ್ಲ. ಈಗ ನಮ್ಮಲ್ಲಿರುವುದು ಆ ಹೊಡೆತದಲ್ಲಿ ಬದುಕಿ ಉಳಿದ ಸಂಸಾರಗಳ ಸಂತತಿ. ರೋಗ ಇನ್ನೂ ಸುತ್ತುತ್ತಲೇ ಇದೆ. ಯಾವ ಪೆಟ್ಟಿಗೆ ಅದನ್ನು ಗೆದ್ದು ನಿಲ್ಲುತ್ತದೋ ಅದರ ಮಗಳನ್ನೇ ಮುಂದಿನ ರಾಣಿ ಮಾಡುವುದು ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ. ಹೊರಗಿಂದ ತಂದ ಸಂಸಾರಕ್ಕೆ ನಮ್ಮೂರಿನ ಬಿಸಿಲು, ನಮ್ಮೂರಿನ ಹೂವಿನ ಲೆಕ್ಕ ಗೊತ್ತಿರುವುದಿಲ್ಲ. ಈ ಒಂದು ಕಾರಣಕ್ಕೇ ಸಣ್ಣ ಸಾಕಣೆದಾರರು ರಾಣಿ ಬೆಳೆಸಲು ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ರಾಣಿ ಬೆಳೆಸುವ ನಾಲ್ಕು ದಾರಿ

ಮೊದಲನೆಯದು, ನೊಣಗಳೇ ಕಟ್ಟಿದ ಕೋಶ ಬಳಸುವುದು. ಸಂಸಾರ ಪಾಲಾಗಲು (ಹಳೆ ರಾಣಿಯ ಜೊತೆ ಒಂದು ಪಾಲು ನೊಣ ಹೊಸ ಜಾಗಕ್ಕೆ ಹಾರಿಹೋಗಲು) ತಯಾರಾದಾಗ ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶಗಳು ತೂಗುತ್ತವೆ. ತುಂಬಿದ ಪೆಟ್ಟಿಗೆ, ಪರಾಗ ಧಾರಾಳ, ಎಳೆಯ ನೊಣ ಜಾಸ್ತಿ. ಅಂಥ ಹೊತ್ತಲ್ಲಿ ಕಟ್ಟಿದ ಕೋಶಕ್ಕೆ ಆರೈಕೆ ಚೆನ್ನಾಗಿರುತ್ತದೆ. ಕೋಶದ ತುದಿಯ ಮೇಣವನ್ನು ನೊಣಗಳು ಕೆರೆದು, ಒಳಗಿನ ಕಂದು ನಾರು ಕಂಡರೆ ರಾಣಿ ಇನ್ನೇನು ಒಂದೆರಡು ದಿನದಲ್ಲಿ ಹೊರಬರುತ್ತದೆ ಎಂದರ್ಥ. ಆಗ ಸುತ್ತ ಒಂದಿಂಚು ಎರಿ ಸೇರಿಸಿ ಹರಿತ ಚಾಕುವಿನಿಂದ ಕತ್ತರಿಸಿ. ಅಲುಗಾಡಿಸಬೇಡಿ, ತಲೆಕೆಳಗು ಮಾಡಬೇಡಿ, ಬಿಸಿಲಲ್ಲಿ ಇಡಬೇಡಿ. ನೊಣ ಇದ್ದು ರಾಣಿ ಇಲ್ಲದ, ಎರಡು ಮೂರು ಚೌಕಟ್ಟಿನ ಸಣ್ಣ ಪೆಟ್ಟಿಗೆಯ ಎರಿಗೆ ಬಿದಿರು ಕಡ್ಡಿಯಿಂದ ಚುಚ್ಚಿ ನಿಲ್ಲಿಸಿ. ತುಡುವೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಖರ್ಚು ಎಂದರೆ ಒಂದು ಚಾಕು, ಎರಡು ಸಣ್ಣ ಪೆಟ್ಟಿಗೆ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ನಿಜವೂ ಹೌದು. ಮೊದಲು ಪಾಲಾಗುವ ಸಂಸಾರದಿಂದಲೇ ಪ್ರತಿವರ್ಷ ರಾಣಿ ತೆಗೆದರೆ, ಪಾಲಾಗುವ ಚಟ ಇರುವ ಸಂತತಿಯನ್ನೇ ಬೆಳೆಸುತ್ತಾ ಹೋಗುತ್ತೀರಿ. ತುಪ್ಪ ಕೂಡಿಡುವ, ಜಾಗ ಬಿಟ್ಟು ಕದಲದ ಸಂಸಾರ ಹಿಂದೆ ಉಳಿಯುತ್ತದೆ.

ಎರಡನೆಯದು, ಗಟ್ಟಿ ಸಂಸಾರವನ್ನು ಭಾಗ ಮಾಡುವುದು. ಹಳೆ ರಾಣಿಯನ್ನು ಎರಡು ಮೂರು ಎರಿ ಸಮೇತ ಹೊಸ ಪೆಟ್ಟಿಗೆಗೆ ಸಾಗಿಸಿ. ಉಳಿದವು ಎಳೆಯ ಮರಿಗಳಿಂದ ತಾವೇ ರಾಣಿ ಮಾಡಿಕೊಳ್ಳುತ್ತವೆ. ನೋಡಲು ಬಹಳ ಸರಳ. ಆದರೆ ಹೊಸ ರಾಣಿ ಹುಟ್ಟಿ, ಕೂಡಿ, ಮೊಟ್ಟೆ ಇಡುವ ಹೊತ್ತಿಗೆ ಹೆಚ್ಚುಕಮ್ಮಿ ನಾಲ್ಕು ವಾರ. ಅಷ್ಟು ದಿನ ಹೊಸ ಮೊಟ್ಟೆಯೇ ಇಲ್ಲ, ಇರುವ ನೊಣ ಮುದಿಯಾಗುತ್ತವೆ. ಜೊತೆಗೆ ಗಾಬರಿಯಲ್ಲಿ ನೊಣಗಳು ಮೂರು ದಿನ ದಾಟಿದ ಮರಿಯನ್ನೂ ರಾಣಿ ಮಾಡಲು ಹೊರಡುತ್ತವೆ. ಅಂಥ ರಾಣಿ ಅರೆಬರೆ. ತುಡುವೆಯಲ್ಲಿ ಇನ್ನೂ ಒಂದು ಅಪಾಯ ಇದೆ. ರಾಣಿ ಇಲ್ಲದೆ ಹೋದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುತ್ತವೆ, ಅದೂ ಮೆಲ್ಲಿಫೆರಾಕ್ಕಿಂತ ಬಹಳ ಬೇಗ. ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆ ಅಂಟಿರುವುದು ಕಂಡರೆ ಅದೇ. ಆ ಮೊಟ್ಟೆಯಿಂದ ಗಂಡು ನೊಣ ಮಾತ್ರ ಹುಟ್ಟುತ್ತದೆ. ಅಲ್ಲಿಂದ ಆ ಸಂಸಾರವನ್ನು ದಾರಿಗೆ ತರುವುದು ಕಷ್ಟ.

ಮೂರನೆಯದು, ನನಗೆ ಹೆಚ್ಚು ಹಿಡಿಸಿದ್ದು, ಒಳ್ಳೆ ತಾಯಿಯ ಎರಿಯನ್ನು ಇನ್ನೊಂದು ಗಟ್ಟಿ ಪೆಟ್ಟಿಗೆಗೆ ಕೊಡುವುದು. ಮಿಲ್ಲರ್ ಪದ್ಧತಿ ಎನ್ನುವುದು ಹೆಚ್ಚುಕಮ್ಮಿ ಇದೇ. ನಿಮ್ಮ ಅತ್ಯುತ್ತಮ ಪೆಟ್ಟಿಗೆಯಿಂದ ಮೊಟ್ಟೆ, ಈಗಷ್ಟೇ ಒಡೆದ ಮರಿ ಇರುವ ಹೊಸ ಎರಿ ತೆಗೆಯಿರಿ. ಮರಿ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣದಿರಬೇಕು. ಎರಿಯ ಕೆಳ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ಮರಿ ಇರುವ ಕೋಶಗಳು ಅಂಚಿಗೆ ಬರುವ ಹಾಗೆ. ಇದನ್ನು ಹಿಂದಿನ ದಿನ ರಾಣಿ ತೆಗೆದ ಗಟ್ಟಿ ಪೆಟ್ಟಿಗೆಯ ನಡುವೆ ಇಡಿ. ಆ ಪೆಟ್ಟಿಗೆಯ ಸ್ವಂತ ಮೊಟ್ಟೆ, ಎಳೆ ಮರಿಯ ಎರಿಗಳನ್ನು ಬೇರೆ ಕಡೆ ಸಾಗಿಸಿ. ಇಲ್ಲದಿದ್ದರೆ ಅದರ ಮೇಲೂ ಕೋಶ ಕಟ್ಟಿಬಿಡುತ್ತವೆ. ಮೂರನೇ ದಿನ ಒಮ್ಮೆ ನೋಡಿ. ಆಗಲೇ ಮುಚ್ಚಿದ ಕೋಶ ಇದ್ದರೆ ಅದು ವಯಸ್ಸಾದ ಮರಿಯದು, ಕಿತ್ತುಹಾಕಿ. ಒಂಬತ್ತು ಹತ್ತನೇ ದಿನಕ್ಕೆ ಕೋಶ ಕತ್ತರಿಸಿ ಸಣ್ಣ ಪೆಟ್ಟಿಗೆಗಳಿಗೆ ಹಂಚಿ. ಈ ದಿನ ತಪ್ಪಬಾರದು. ಮೊದಲು ಹೊರಬಂದ ರಾಣಿ ಉಳಿದ ಕೋಶಗಳನ್ನೆಲ್ಲ ಚುಚ್ಚಿ ಹಾಳು ಮಾಡುತ್ತದೆ.

ಇಲ್ಲಿ ತಾಯಿ ನೀವು ಆರಿಸಿದ್ದು. ಆರೈಕೆ ಗಟ್ಟಿ ಪೆಟ್ಟಿಗೆಯದು. ಹೊಸ ಸಾಮಾನು ಏನೂ ಬೇಡ.

ನಾಲ್ಕನೆಯದು ಗ್ರಾಫ್ಟಿಂಗ್. ಮರಿಹುಳುವನ್ನು ಸಣ್ಣ ಸೂಜಿಯಂಥ ಉಪಕರಣದಲ್ಲಿ ಎತ್ತಿ, ಮೇಣದ ಅಥವಾ ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ, ಬಟ್ಟಲುಗಳ ಪಟ್ಟಿಯನ್ನು ರಾಣಿ ಇಲ್ಲದ ಪೆಟ್ಟಿಗೆಗೆ ಕೊಡುವುದು. ಅಮೆರಿಕದ ಜಿ.ಎಂ. ಡೂಲಿಟ್ಲ್ 1889ರಲ್ಲಿ ಬರೆದಿಟ್ಟ ಕ್ರಮವೇ ಇವತ್ತಿಗೂ ದೊಡ್ಡ ಪ್ರಮಾಣದ ರಾಣಿ ಸಾಕಣೆಯ ತಳಹದಿ. ಮರಿ ಒಡೆದು 24 ಗಂಟೆಯೊಳಗಿನದಾಗಿರಬೇಕು. ಕಣ್ಣು ಚೆನ್ನಾಗಿರಬೇಕು, ಕೈ ನಡುಗಬಾರದು. ಮರಿ ಹಾಕಿ ಹನ್ನೊಂದು ಹನ್ನೆರಡು ದಿನಕ್ಕೆ ರಾಣಿ ಹೊರಬರುತ್ತದೆ. ಮೆಲ್ಲಿಫೆರಾದಲ್ಲಿ ಇದು ಪಳಗಿದ ವಿದ್ಯೆ. ತುಡುವೆ ಒಂದು ಸಲಕ್ಕೆ ಒಪ್ಪಿಕೊಳ್ಳುವ ಬಟ್ಟಲು ಕಮ್ಮಿ. ಬಟ್ಟಲೂ ಅದರ ಅಳತೆಗೆ ಚಿಕ್ಕದಿರಬೇಕು.

ಮರಿ ಎತ್ತುವ ಕಷ್ಟವೇ ಬೇಡ ಎಂದು ಪ್ಲಾಸ್ಟಿಕ್ ಎರಿಯ ಕಿಟ್‌ಗಳು ಬರುತ್ತವೆ. ಸಾಮಾನ್ಯವಾಗಿ ಅವುಗಳ ಕೋಶ ಮೆಲ್ಲಿಫೆರಾ ಅಳತೆಯದು. ತುಡುವೆಯವರು ಅದಕ್ಕೆ ದುಡ್ಡು ಹಾಕಬೇಡಿ.

ಗ್ರಾಫ್ಟಿಂಗ್ ಕಲಿತರೆ ಒಳ್ಳೆಯದೇ. ಆದರೆ ಹತ್ತು ಪೆಟ್ಟಿಗೆಯವರು ಒಂದು ಮಾತು ಯೋಚಿಸಿ. ಮೂವತ್ತು ಕೋಶ ಬಂದರೆ ಮೂವತ್ತು ಸಣ್ಣ ಪೆಟ್ಟಿಗೆ ಬೇಕು, ಪ್ರತಿಯೊಂದಕ್ಕೂ ಎರಡು ಮೂರು ಎರಿ ನೊಣ ಬೇಕು. ಅಷ್ಟು ನೊಣ ಎಲ್ಲಿಂದ ತರುತ್ತೀರಿ? ಸಣ್ಣ ಸಾಕಣೆಯಲ್ಲಿ ಕೊರತೆ ಬೀಳುವುದು ಕೋಶಕ್ಕಲ್ಲ, ಕೋಶ ಇಡುವ ಸಂಸಾರಕ್ಕೆ. ವರ್ಷಕ್ಕೆ ನಾಲ್ಕೈದು ಒಳ್ಳೆ ರಾಣಿ ಸಾಕು ಎನ್ನುವವರಿಗೆ ಮೂರನೇ ದಾರಿ ಬೇಕಾದಷ್ಟಾಯಿತು.

ಗಂಡು ನೊಣದ ಲೆಕ್ಕ

ರಾಣಿ ಬೆಳೆಸುವವರು ಗಂಡು ನೊಣವನ್ನು ಮರೆತೇಬಿಡುತ್ತಾರೆ. ಮೆಲ್ಲಿಫೆರಾ ರಾಣಿ ಮೊಟ್ಟೆಯಿಂದ ಹೊರಬರಲು 16 ದಿನ, ಕೆಲಸಗಾರ ನೊಣಕ್ಕೆ 21, ಗಂಡಿಗೆ 24. ಹೊರಬಂದ ಮೇಲೆ ರಾಣಿ ಒಂದು ವಾರದಲ್ಲಿ ಹಾರಾಟಕ್ಕೆ ತಯಾರು. ಗಂಡು ಪಕ್ವವಾಗಲು ಮತ್ತೆ ಹನ್ನೆರಡು ದಿನವಾದರೂ ಬೇಕು. ಹಾಗಾಗಿ ಗಂಡಿನ ಮೊಟ್ಟೆ ರಾಣಿ ಕೆಲಸ ಶುರುವಾಗುವ ಎರಡು ವಾರ ಮೊದಲೇ ಎರಿಯಲ್ಲಿರಬೇಕು. ಪೆಟ್ಟಿಗೆಯಲ್ಲಿ ಮುಚ್ಚಿದ ಗಂಡು ಕೋಶ ಕಂಡ ಮೇಲೆ ರಾಣಿ ಕೆಲಸ ಶುರು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ತುಡುವೆಯಲ್ಲಿ ಇದನ್ನು ಗುರುತಿಸುವುದು ಬಹಳ ಸುಲಭ. ಗಂಡು ಕೋಶದ ಮುಚ್ಚಳದ ನಡುವೆ ಸೂಜಿ ಚುಚ್ಚಿದಂಥ ಸಣ್ಣ ರಂಧ್ರ ಇರುತ್ತದೆ.

ರಾಣಿ ಹಲವಾರು ಗಂಡುಗಳ ಜೊತೆ ಹಾರಾಟದಲ್ಲೇ ಕೂಡುತ್ತದೆ. ಎಲ್ಲ ಪೆಟ್ಟಿಗೆಗಳೂ ಒಂದೇ ತಾಯಿಯ ಮಕ್ಕಳಾದರೆ ರಕ್ತಸಂಬಂಧದಲ್ಲೇ ಕೂಡಿ, ಮರಿ ಎರಿಯಲ್ಲಿ ಅಲ್ಲಲ್ಲಿ ಖಾಲಿ ಕೋಶ ಕಾಣುತ್ತವೆ. ಸುತ್ತ ಮರದ ಪೊಟರೆ, ಹುತ್ತ, ಹಳೆ ಗೋಡೆಯಲ್ಲಿ ಕಾಡು ತುಡುವೆ ಇದ್ದರೆ ನಿಮ್ಮ ಪುಣ್ಯ, ಅವುಗಳನ್ನು ಸುಡಲು ಬಿಡಬೇಡಿ. ಇಲ್ಲದಿದ್ದರೆ ಪಕ್ಕದ ಊರಿನವರ ಜೊತೆ ಒಂದೊಂದು ಸಂಸಾರ ಅದಲು ಬದಲು ಮಾಡಿಕೊಳ್ಳಿ. ಹತ್ತಿರದಲ್ಲಿ ಮೆಲ್ಲಿಫೆರಾ ಪೆಟ್ಟಿಗೆ ಬಹಳ ಇದ್ದರೆ ತುಡುವೆ ರಾಣಿಗೆ ತೊಂದರೆ. ವಾಸನೆ ಒಂದೇ ಥರ ಇರುವುದರಿಂದ ಮೆಲ್ಲಿಫೆರಾ ಗಂಡುಗಳೂ ಅದರ ಬೆನ್ನು ಹತ್ತುತ್ತವೆ. ಎರಡು ಜಾತಿ ಕೂಡಿದರೆ ಮರಿ ಉಳಿಯುವುದಿಲ್ಲ.

ಹಾರಾಟದ ಹೊತ್ತಿನ ಇನ್ನೊಂದು ನಷ್ಟ ಹಕ್ಕಿಗಳಿಂದ. ಕಳ್ಳಿಪೀರ, ಕಾಜಾಣ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುವ ಜಾಗದಲ್ಲಿ ಹೊಸ ರಾಣಿಯ ಪೆಟ್ಟಿಗೆ ಇಡಬೇಡಿ. ಮರದ ನೆರಳಿನ ಅಂಚು ಒಳ್ಳೆಯದು. ಮೂರು ನಾಲ್ಕು ವಾರ ಕಳೆದರೂ ಮೊಟ್ಟೆ ಕಾಣದಿದ್ದರೆ ಕಾಯಬೇಡಿ, ಪಕ್ಕದ ಸಂಸಾರಕ್ಕೆ ಸೇರಿಸಿಬಿಡಿ.

ಪರಾಗ ಹಿಡಿಯುವವರಿಗೆ

ಬಲೆಯಲ್ಲಿ ಎರಡು ಬಗೆ. ಬಾಗಿಲ ಮುಂದೆ ನೇತುಹಾಕುವುದು ಅಗ್ಗ, ಬೇಕಾದಾಗ ತೆಗೆಯಬಹುದು, ಆದರೆ ಮಳೆ ನೀರು ತಾಗುತ್ತದೆ, ಇರುವೆ ಬೇಗ ಹತ್ತುತ್ತವೆ. ಪೆಟ್ಟಿಗೆಯ ಅಡಿಯಲ್ಲಿ ಕೂರಿಸುವುದರಲ್ಲಿ ಪರಾಗ ಒಣಗಿರುತ್ತದೆ, ಆದರೆ ಮೇಲಿಂದ ಮೇಣದ ಚೂರು, ಸತ್ತ ನೊಣದ ಕಾಲು ರೆಕ್ಕೆ ಉದುರುತ್ತವೆ. ಸಣ್ಣ ಸಾಕಣೆಗೆ ಮುಂದಿನದೇ ಸಾಕು. ಸುಲಭವಾಗಿ ತೆಗೆಯಲು ಬರುತ್ತದೆ ಎನ್ನುವುದೇ ಅದರ ದೊಡ್ಡ ಗುಣ. ಯಾಕೆಂದರೆ ಬಲೆಯನ್ನು ದಿನವೂ ಬಿಡಬಾರದು. ವಾರದಲ್ಲಿ ಎರಡು ಮೂರು ದಿನ, ಅದೂ ಬೆಳಗಿನ ಹೊತ್ತು. ಹೆಚ್ಚಿನ ಹೂವುಗಳ ಪರಾಗ ಬರುವುದೇ ಮಧ್ಯಾಹ್ನದೊಳಗೆ.

ನಮ್ಮ ಕಡೆ ಪರಾಗಕ್ಕೆ ಬರವಿಲ್ಲ. ತೆಂಗು ವರ್ಷವಿಡೀ ಹೊಂಬಾಳೆ ಬಿಡುತ್ತದೆ. ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆಯ ತೋಟಗಳ ನಡುವೆ ಇಟ್ಟ ಪೆಟ್ಟಿಗೆಗೆ ಅದೇ ಆಧಾರ. ಮುಸುಕಿನ ಜೋಳ ಗಾಳಿಗೆ ಕಾಳು ಕಟ್ಟುವ ಬೆಳೆಯಾದರೂ ಸೂಲಂಗಿ ಬಂದಾಗ ನೊಣ ಮುತ್ತಿರುತ್ತವೆ. ಸೂರ್ಯಕಾಂತಿ, ಹುಚ್ಚೆಳ್ಳು, ನುಗ್ಗೆ ಇವೆ. ನಾಲೆ ಏರಿಯ ಮೇಲೆ ಮಳೆಗಾಲದಲ್ಲಿ ಮುಟ್ಟಿದರೆ ಮುನಿ ಹೂ ಬಿಟ್ಟರೆ ನೊಣ ನಸುಕಿನಲ್ಲೇ ಹೋಗುತ್ತವೆ. ಆದರೆ ಎಲ್ಲ ಪರಾಗ ಒಂದೇ ಅಲ್ಲ. ಮುಸುಕಿನ ಜೋಳ, ಸೂರ್ಯಕಾಂತಿ ಪರಾಗದಲ್ಲಿ ಪ್ರೋಟೀನ್ ಕಮ್ಮಿ. ಹಲವು ಬಣ್ಣದ ಉಂಡೆ ಬೆರೆತಿದ್ದರೆ ನೊಣಕ್ಕೂ ಒಳ್ಳೆಯದು, ತಿನ್ನುವವರಿಗೂ ಒಳ್ಳೆಯದು. ಬರೀ ಕಬ್ಬಿನ ಬಯಲಲ್ಲಿ ಪರಾಗದ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಹೂ ಕಮ್ಮಿಯಾದಾಗ ನೊಣ ಆಲೆಮನೆ ಕಡೆ ತಿರುಗುತ್ತವೆ. ಕೊಪ್ಪರಿಗೆಯ ಸುತ್ತ ಸತ್ತು ಬೀಳುವ ನೊಣದ ರಾಶಿ ನೋಡಿದವರಿಗೆ ಅದು ಗೊತ್ತು.

ಹಸಿ ಪರಾಗದಲ್ಲಿ ನೂರಕ್ಕೆ 20ರಿಂದ 30ರಷ್ಟು ನೀರಿನಂಶ ಇರುತ್ತದೆ. ಒಂದು ರಾತ್ರಿ ಬಿಟ್ಟರೂ ಬೂಷ್ಟು ಹಿಡಿಯಲು ಶುರು. ಅದಕ್ಕೇ ಅದೇ ಸಂಜೆ ತಟ್ಟೆ ಖಾಲಿ ಮಾಡಬೇಕು. ಒಣಗಿಸುವಾಗ ಬಿಸಿ 40 ಡಿಗ್ರಿ ದಾಟಬಾರದು, ನೀರಿನಂಶ 8ಕ್ಕಿಂತ ಕೆಳಗೆ ಬರಬೇಕು. ನೇರ ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಸತ್ವವೂ ಹೋಗುತ್ತದೆ. ಚೆನ್ನಾಗಿ ಒಣಗಿದ ಉಂಡೆ ಅಂಗೈಯಲ್ಲಿ ಅದುಮಿದರೆ ಒಂದಕ್ಕೊಂದು ಅಂಟುವುದಿಲ್ಲ, ಗಾಜಿನ ಬಾಟಲಿಯಲ್ಲಿ ಅಲುಗಾಡಿಸಿದರೆ ಗಲಗಲ ಅನ್ನುತ್ತದೆ. ಆಮೇಲೆ ಮೊರದಲ್ಲಿ ಕೇರಿ ಕಸ ತೆಗೆದು ಗಾಳಿಯಾಡದ ಡಬ್ಬಿಗೆ ತುಂಬಿ. ಮೇಣದ ಹುಳುವಿನ ಮೊಟ್ಟೆ ಇರಬಹುದಾದ್ದರಿಂದ ಒಂದೆರಡು ದಿನ ಫ್ರೀಜರಿನಲ್ಲಿಟ್ಟು ತೆಗೆಯುವುದು ಒಳ್ಳೆಯದು.

ಮಾರುವವರಿಗೆ ಎರಡು ಎಚ್ಚರಿಕೆ. ಔಷಧಿ ಹೊಡೆದ ಬೆಳೆಯ ಪರಾಗದಲ್ಲಿ ವಿಷದ ಅಂಶ ತುಪ್ಪಕ್ಕಿಂತ ಜಾಸ್ತಿ ಉಳಿಯುತ್ತದೆ. ತರಕಾರಿ ಬೆಳೆಯುವ ಹೊಲಗಳ ನಡುವೆ ಇಟ್ಟ ಪೆಟ್ಟಿಗೆಯ ಪರಾಗವನ್ನು ನಾನಂತೂ ಯಾರಿಗೂ ತಿನ್ನಿ ಎಂದು ಕೊಡುವುದಿಲ್ಲ. ಎರಡನೆಯದು ಅಲರ್ಜಿ. ಪಾರ್ಥೇನಿಯಂ ಹೂವಿಗೂ ನೊಣ ಹೋಗುತ್ತವೆ, ಅದರ ಪರಾಗಕ್ಕೆ ಅಲರ್ಜಿ ಇರುವವರು ನಮ್ಮಲ್ಲಿ ಬಹಳ. ಕೊಳ್ಳುವವರಿಗೆ ಮೊದಲ ಸಲ ಒಂದೆರಡು ಕಾಳು ಮಾತ್ರ ತಿಂದು ನೋಡಿ ಎಂದು ಬಾಯಿಬಿಟ್ಟು ಹೇಳಿ. ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಡ್ರೈಯರ್, ಫ್ರೀಜರ್, ಬಾಟಲಿ, ಲೇಬಲ್ ಎಲ್ಲಾ ಸೇರಿದರೆ ನಾಲ್ಕು ಪೆಟ್ಟಿಗೆಯ ಪರಾಗದಲ್ಲಿ ಆ ಖರ್ಚು ಹುಟ್ಟುವುದು ಕಷ್ಟ ಅಲ್ವಾ?

ಹಾಗಾದರೆ ಸಣ್ಣವರು ಪರಾಗ ಮುಟ್ಟಲೇಬಾರದಾ? ಮುಟ್ಟಬಹುದು, ನೊಣಕ್ಕೇ ವಾಪಸ್ ಕೊಡಲು. ಧಾರಾಳವಾಗಿ ಬರುವ ದಿನಗಳಲ್ಲಿ ಗಟ್ಟಿ ಪೆಟ್ಟಿಗೆಯಿಂದ ಸ್ವಲ್ಪ ಹಿಡಿದು ಫ್ರೀಜರಿನಲ್ಲಿಡಿ. ಜಿಟಿಜಿಟಿ ಮಳೆಯ ಜುಲೈ, ಆಗಸ್ಟಿನಲ್ಲಿ ಸಕ್ಕರೆ ಪಾಕದಲ್ಲಿ ಕಲಸಿ ಚೌಕಟ್ಟಿನ ಮೇಲೆ ಸಣ್ಣ ಬಿಲ್ಲೆಯಾಗಿ ಇಡಿ. ಹುರಿಗಡಲೆ ಹಿಟ್ಟು, ಸೋಯಾ ಹಿಟ್ಟು ಸೇರಿಸಿದರೆ ಪರಾಗ ಉಳಿಯುತ್ತದೆ. ಬರೀ ಹಿಟ್ಟಿನ ಬಿಲ್ಲೆಯನ್ನು ತುಡುವೆ ಎಷ್ಟೋ ಸಲ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಸ್ವಂತ ಪರಾಗ ಬೆರೆತರೆ ಬರುತ್ತವೆ. ಅಂಗಡಿಯ ಪರಾಗ ಮಾತ್ರ ನೊಣಕ್ಕೆ ಕೊಡಬೇಡಿ. ಮರಿಗಳ ಕೊಳೆರೋಗದ ಬೀಜಕಣ ಅದರಲ್ಲಿ ಬರಬಹುದು.

ನಮ್ಮ ಹವೆಗೆ ಯಾವಾಗ ಯಾವುದು

ಜೂನ್‌ನಿಂದ ಆಗಸ್ಟ್‌ವರೆಗೆ ರಾಣಿ ಕೆಲಸವೂ ಬೇಡ, ಬಲೆಯೂ ಬೇಡ. ಮೋಡ, ಗಾಳಿ, ತುಂತುರು. ಸಂಸಾರ ಉಳಿಸಿಕೊಂಡರೆ ಸಾಕು. ಹಿಂಗಾರು ಮಳೆ ತಗ್ಗಿ, ಹುಚ್ಚೆಳ್ಳು, ಬೇಲಿ ಸಾಲಿನ ಹೂಗಳು ಬಂದ ಮೇಲೆ ಪೆಟ್ಟಿಗೆ ತುಂಬತೊಡಗುತ್ತದೆ. ದಸರಾ ಕಳೆದ ಮೇಲಿಂದ ಸಂಕ್ರಾಂತಿವರೆಗೆ ರಾಣಿ ಬೆಳೆಸಲು ಒಳ್ಳೆಯ ಕಾಲ. ಆ ತಿಂಗಳುಗಳಲ್ಲಿ ಪರಾಗ ಪೂರ್ತಿ ನೊಣಕ್ಕೇ ಬಿಡಿ. ಹೊಂಗೆ, ಬೇವು, ನೇರಳೆ ಹೂ ಬಿಡುವ ಮಾರ್ಚ್, ಏಪ್ರಿಲ್ ತುಪ್ಪದ ಕಾಲ. ಮೆಲ್ಲಿಫೆರಾ ಇರುವವರು ತುಪ್ಪಕ್ಕೆ ಬಿಡದ ಒಂದೆರಡು ಪೆಟ್ಟಿಗೆಗೆ ಆಗ ಬಲೆ ಕಟ್ಟಬಹುದು.

ಯಾರಿಗೆ ಯಾವುದು

ಮೈಸೂರಿನಲ್ಲಿ ಕೆಲಸಕ್ಕೆ ಹೋಗುತ್ತಾ, ತಾರಸಿ ಮೇಲೆ ಎರಡು ಮೂರು ತುಡುವೆ ಪೆಟ್ಟಿಗೆ ಇಟ್ಟವರು ನೊಣಗಳೇ ಕಟ್ಟಿದ ಕೋಶದಿಂದ ಶುರು ಮಾಡಿ. ಭಾನುವಾರ ಮಾತ್ರ ಬಿಡುವು ಇರುವವರಿಗೆ ಮೂರನೇ ದಾರಿಯೂ ಆಗುತ್ತದೆ. ಶುಕ್ರವಾರ ಸಂಜೆ ಎರಿ ಕೊಟ್ಟರೆ ಒಂಬತ್ತನೇ ದಿನ ಭಾನುವಾರಕ್ಕೇ ಬೀಳುತ್ತದೆ. ಪರಾಗ ನಿಮಗಲ್ಲ, ಅದು ಬಲೆ ಇಟ್ಟ ದಿನವೆಲ್ಲ ಸಂಜೆ ಕೈ ಬೇಡುತ್ತದೆ.

ತೋಟದಲ್ಲೇ ಇರುವ ರೈತರು, ತೆಂಗು ಅಡಿಕೆ ನಡುವೆ ಆರೇಳು ತುಡುವೆ ಪೆಟ್ಟಿಗೆ ಇದ್ದವರು, ಒಳ್ಳೆ ತಾಯಿಯ ಎರಿ ಕೊಡುವ ದಾರಿ ಹಿಡಿಯಿರಿ. ಮೊಟ್ಟೆ ಇಡುತ್ತಿರುವ ರಾಣಿ ಸಮೇತ ನಾಲ್ಕು ಚೌಕಟ್ಟಿನ ಸಂಸಾರಕ್ಕೆ ಅಕ್ಕಪಕ್ಕದಲ್ಲೇ ಕೇಳುವವರು ಸಿಗುತ್ತಾರೆ. ಪರಾಗವನ್ನು ಮಳೆಗಾಲದ ಬಿಲ್ಲೆಗೆ ಮಾತ್ರ ಹಿಡಿಯಿರಿ.

ಮೆಲ್ಲಿಫೆರಾ ಹತ್ತಿರ ಹತ್ತಿರ ಹತ್ತು ಪೆಟ್ಟಿಗೆ ಇದ್ದು, ಔಷಧಿ ಹೊಡೆಯದ ಜಾಗ ಸಿಕ್ಕವರು ಎರಡನ್ನೂ ಮಾಡಬಹುದು. ಪೆಟ್ಟಿಗೆಗಳನ್ನು ಮೊದಲೇ ಬೇರೆ ಮಾಡಿ. ತಾಯಿ ಪೆಟ್ಟಿಗೆ, ಕೋಶ ಬೆಳೆಸುವ ಪೆಟ್ಟಿಗೆ, ಗಂಡು ಕೊಡುವ ಪೆಟ್ಟಿಗೆ ಇವಕ್ಕೆ ಬಲೆ ಎಂದಿಗೂ ಇಲ್ಲ. ಗ್ರಾಫ್ಟಿಂಗ್ ಕಲಿಯಲು ಇಷ್ಟ ಇದ್ದರೆ ಒಮ್ಮೆ ಕಣ್ಣಾರೆ ನೋಡಿ ಕಲಿಯುವುದೇ ಸರಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗಳಲ್ಲಿ ಜೇನು ತರಬೇತಿ ಯಾವಾಗ ಎಂದು ವಿಚಾರಿಸಿ.

ಯಾವ ದಾರಿ ಹಿಡಿದರೂ ರಾಣಿಯ ಬೆನ್ನಿಗೆ ಒಂದು ಚುಕ್ಕೆ ಬಣ್ಣ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಲೋಕವೆಲ್ಲ ಬಳಸುವ ಕ್ರಮ ಇದು: ಇಸವಿಯ ಕೊನೆ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7 ಹಳದಿ, 3 ಅಥವಾ 8 ಕೆಂಪು, 4 ಅಥವಾ 9 ಹಸಿರು, 5 ಅಥವಾ 0 ನೀಲಿ. ಚುಕ್ಕೆ ಹಾಕಬೇಕಾದದ್ದು ರಾಣಿ ಮೊಟ್ಟೆ ಇಡಲು ಶುರು ಮಾಡಿದ ಮೇಲೆ, ಹಾರಾಟಕ್ಕೆ ಮುಂಚೆ ಅಲ್ಲ. ಮುಚ್ಚಳದ ಒಳಬದಿಯಲ್ಲಿ ತಾಯಿ ಪೆಟ್ಟಿಗೆಯ ನಂಬರು, ಕೋಶ ಇಟ್ಟ ತಾರೀಖು, ಮೊದಲ ಮೊಟ್ಟೆ ಕಂಡ ತಾರೀಖು ಪೆನ್ಸಿಲಿನಲ್ಲಿ ಬರೆದಿಡಿ. ಎರಡು ವರ್ಷ ದಾಟಿದ ರಾಣಿಯನ್ನು ಬದಲಿಸುವಾಗ ಯಾವ ಪೆಟ್ಟಿಗೆಯ ಎರಿ ಎತ್ತಬೇಕು ಎನ್ನುವುದಕ್ಕೆ ಆ ಬರಹವನ್ನೇ ನೋಡಬೇಕಾಗುತ್ತದೆ.